ಖರೀದಿದಾರ ‘ಪುಟ್ ಆಫ್’ ಆದ ಅಂದರೆ ಏನಾಯಿತು?

ಪ್ರಶ್ನೆ: ಸರ್, ನಾನು ಬ್ಯಾಡಗಿಯಲ್ಲಿ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಜೊತೆಗೆ ಮೇಲ್ ನೋಡಿಕೊಳ್ಳುತ್ತೇನೆ. ಓದಿದ್ದು ಕನ್ನಡ ಮಾಧ್ಯಮ. ಹೋದ ತಿಂಗಳು ಹೊರಗಿನ ಒಂದು ಪಾರ್ಟಿಯಿಂದ ಮೇಲ್ ಬಂತು: ‘ದ ಬಯರ್ ವಾಸ್ ಪುಟ್ ಆಫ್ ಬೈ ದ ಸೆಕೆಂಡ್ ಸ್ಯಾಂಪಲ್.’ ಪುಟ್ ಆಫ್ ಅಂದರೆ ಪೋಸ್ಟ್‌ಪೋನ್ ಅಂತ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ. ‘ಖರೀದಿ ಮುಂದಕ್ಕ ಹಾಕ್ಯಾರ್ರೀ’ ಅಂತ ಸಾಹುಕಾರರಿಗೆ ಹೇಳಿದೆ. ಅವರು ಹದಿನೈದು ದಿನ ಕಾದರು. ಆಮೇಲೆ ಫೋನ್ ಮಾಡಿದಾಗ ಗೊತ್ತಾಯಿತು, ಆ ಸ್ಯಾಂಪಲ್ ಹಸಿ ಇತ್ತಂತೆ, ಅವರಿಗೆ ಸರಿ ಅನ್ನಿಸಿರಲಿಲ್ಲ. ಈ ಪುಟ್ ಆಫ್‌ಗೆ ನಿಜವಾಗಿ ಎಷ್ಟು ಅರ್ಥ? ‘ಪುಟ್ ಆಫ್ ಇಟ್’ ಅನ್ನಬೇಕೋ ‘ಪುಟ್ ಇಟ್ ಆಫ್’ ಅನ್ನಬೇಕೋ? ಆ ಮೇಲ್‌ಗೆ ಇನ್ನೂ ಉತ್ತರ ಬರೆದಿಲ್ಲ.

ಉತ್ತರ: ಮೊದಲು ನಿಮ್ಮ ಮೇಲ್ ವಿಷಯ ಮುಗಿಸೋಣ. ಎರಡನೇ ಸ್ಯಾಂಪಲ್ ನೋಡಿ ಖರೀದಿದಾರರ ಮನಸ್ಸು ಹಿಂದೆ ಸರಿಯಿತು ಅಂತ ಆ ವಾಕ್ಯದ ಅರ್ಥ. ‘ಮಾಲು ನೋಡಿ ಯಾಕೋ ಮನಸ್ಸು ಒಲ್ಲೆ ಅಂತು’ ಅನ್ನುತ್ತೇವಲ್ಲ, ಅದೇ. ಅಲ್ಲಿ ದಿನಾಂಕದ ಮಾತೇ ಇಲ್ಲ.

ನೀವು ಬೇಜಾರು ಮಾಡಿಕೊಳ್ಳಬೇಡಿ. ನಿಮಗೆ ಹೇಳಿಕೊಟ್ಟ ಅರ್ಥ ಸುಳ್ಳಲ್ಲ, ಅರ್ಧಕ್ಕೆ ನಿಂತಿದೆ ಅಷ್ಟೇ. ನಾನು ಧಾರವಾಡದಲ್ಲಿ ಇಪ್ಪತ್ತು ವರ್ಷದಿಂದ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಹಾವೇರಿ, ಗದಗ, ನರಗುಂದ, ರೋಣ ಅಂತ ಸುತ್ತಲಿನ ಊರುಗಳಿಂದ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದು ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡಿರುವ ಹುಡುಗ ಹುಡುಗಿಯರನ್ನು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಪುಟ್ ಆಫ್ ಈಕ್ವಲ್ ಟು ಪೋಸ್ಟ್‌ಪೋನ್ ಅನ್ನುತ್ತಾರೆ. ಗೈಡ್‌ಗಳಲ್ಲಿ ಹಾಗೇ ಇರುತ್ತದೆ. ಎಡಗಡೆ ಒಂದು ಪದ, ಬಲಗಡೆ ಒಂದು ಅರ್ಥ, ನಡುವೆ ಗೆರೆ. ಈ ಗೆರೆ ಹೊಡೆದ ಪಟ್ಟಿಯೇ ತೊಂದರೆಯ ಮೂಲ ಅಂತ ನನಗೆ ಅನ್ನಿಸುತ್ತದೆ, ಯಾಕಂದರೆ ಇಂಥ ಪದಗಳ ಅರ್ಥ ಪದದೊಳಗೆ ಮಾತ್ರ ಇರುವುದಿಲ್ಲ, ಅದು ಯಾರ ಮೇಲೆ, ಯಾವುದರ ಮೇಲೆ ಬೀಳುತ್ತದೆ ಅನ್ನುವುದರಲ್ಲಿ ಇರುತ್ತದೆ.

ನಮ್ಮದೇ ಒಂದು ಮಾತು ತಗೊಳ್ಳಿ. ‘ಅವನು ಕೈಕೊಟ್ಟ.’ ಕನ್ನಡ ಕಲಿಯುತ್ತಿರುವ ಹೊರಗಿನವರಿಗೆ ಕೈ ಗೊತ್ತು, ಕೊಡು ಗೊತ್ತು. ಎರಡನ್ನೂ ಕೂಡಿಸಿ ಪಾಪ ಸಹಾಯ ಮಾಡಿದ ಅಂದುಕೊಳ್ಳುತ್ತಾರೆ. ನಾವೋ ಅವನನ್ನು ಬಯ್ಯುತ್ತಿರುತ್ತೇವೆ. ಅದೇ ‘ಮಳೆ ಕೈಕೊಟ್ಟಿತು’ ಅಂದರೆ ಮಳೆಗೆ ಕೈಯೂ ಇಲ್ಲ, ಮೋಸದ ಬುದ್ಧಿಯೂ ಇಲ್ಲ, ಬರಬೇಕಾದಾಗ ಬರಲಿಲ್ಲ ಅಂತ ಅರ್ಥ. ‘ವಯಸ್ಸಾಯ್ತು, ಕಣ್ಣು ಕೈಕೊಟ್ಟವು’ ಅಂದರೆ ಇನ್ನೊಂದು. ಕೈಬಿಡು, ಕೈಹಿಡಿ, ಕೈಹಾಕು, ಕೈಎತ್ತು ಎಲ್ಲವೂ ಹೀಗೇ. ಇಷ್ಟೇ ಅಲ್ಲ, ‘ತಿಂದುಬಿಡು’ ಅನ್ನುವುದರಲ್ಲಿ ಬಿಡು ಇದೆ, ಆದರೆ ತಟ್ಟೆಯಲ್ಲಿ ಏನೂ ಬಿಡಬಾರದು ಅಂತ ಅದರ ಅರ್ಥ! ಇದನ್ನು ಯಾರೂ ನಮಗೆ ಪಟ್ಟಿ ಮಾಡಿ ಕಲಿಸಲಿಲ್ಲ. ಮಳೆಯ ಜೊತೆ, ಕಣ್ಣಿನ ಜೊತೆ, ಸ್ನೇಹಿತನ ಜೊತೆ ಕೇಳಿ ಕೇಳಿ ಬಂತು.

ಇಂಗ್ಲಿಷಿನ ಫ್ರೇಸಲ್ ವರ್ಬ್ ಇದೇ ಜಾತಿಯದು. ಒಂದು ಸಣ್ಣ ಕ್ರಿಯಾಪದ, ಅದರ ಹಿಂದೆ ಆಫ್, ಅಪ್, ಔಟ್ ಅಂತ ಇನ್ನೂ ಸಣ್ಣದೊಂದು ಪದ, ಎರಡೂ ಸೇರಿ ಮೂರನೇ ಅರ್ಥ. 1755ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ದೊಡ್ಡ ಇಂಗ್ಲಿಷ್ ನಿಘಂಟು ಹೊರತಂದಾಗ ಮುನ್ನುಡಿಯಲ್ಲೇ ಇದರ ಬಗ್ಗೆ ಹೇಳಿದ್ದ, ಕ್ರಿಯಾಪದಕ್ಕೆ ಸಣ್ಣ ಪದ ಅಂಟಿಸಿ ಅರ್ಥ ತಿರುಗಿಸುವ ಈ ಪದ್ಧತಿಯೇ ಹೊರಗಿನವರಿಗೆ ಎಲ್ಲಕ್ಕಿಂತ ಕಷ್ಟ ಕೊಡುತ್ತದೆ ಅಂತ. ಅಂದರೆ ಬ್ಯಾಡಗಿಯಲ್ಲಿ ಕೂತು ನೀವು ಪಟ್ಟ ಕಷ್ಟವನ್ನು ಅವರ ನಿಘಂಟುಕಾರನೇ ಆಗಲೇ ಬರೆದಿಟ್ಟಿದ್ದ. ಅವನ ಕಾಲದಲ್ಲಿ ಇದಕ್ಕೆ ಫ್ರೇಸಲ್ ವರ್ಬ್ ಅನ್ನುವ ಹೆಸರೂ ಇರಲಿಲ್ಲ. ಆ ಹೆಸರು 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ಬರೆದ ಒಂದು ಪುಸ್ತಕದಿಂದ ಬಳಕೆಗೆ ಬಂತು.

ಈಗ ಪುಟ್ ಆಫ್‌ಗೆ ಬರೋಣ. ಪುಟ್ ಅಂದರೆ ಇಡು, ಹಾಕು. ಕೀಲಿ ಇರುವುದು ಆಫ್‌ನಲ್ಲಿ. ನಾವು ಆಫ್ ಅಂದ ಕೂಡಲೇ ಫ್ಯಾನ್ ಸ್ವಿಚ್ ನೆನೆಸಿಕೊಳ್ಳುತ್ತೇವೆ, ಆದರೆ ಸ್ವಿಚ್ ಬಂದದ್ದು ಬಹಳ ತಡವಾಗಿ. ಆಫ್‌ನ ಹಳೆಯ ಅರ್ಥ ದೂರ, ಬೇರೆಯಾಗಿ, ಕಳಚಿಕೊಂಡು. ಒಂದೇ ಎಫ್ ಇರುವ ‘ಆಫ್’ ಇದೆಯಲ್ಲ, ‘ಕಪ್ ಆಫ್ ಟೀ’ಯಲ್ಲಿ ಬರುವುದು, ಅದೂ ಇದೂ ಮೊದಲು ಒಂದೇ ಪದ. ಒತ್ತಿ ಹೇಳುವಾಗ ಒಂದು ರೂಪ, ತೇಲಿಸಿ ಹೇಳುವಾಗ ಇನ್ನೊಂದು ರೂಪ ಆಗಿ, 1600ರ ಈಚೆಗೆ ಎರಡೂ ಪೂರ್ತಿ ಬೇರೆಯಾದವು. ಒತ್ತು ಬಿದ್ದ ರೂಪಕ್ಕೆ ದೂರದ ಅರ್ಥ ಉಳಿಯಿತು. ಇವತ್ತಿಗೂ ಪುಟ್ ಆಫ್ ಅನ್ನುವಾಗ ಧ್ವನಿ ಏರುವುದು ಆಫ್ ಮೇಲೆಯೇ.

ಹಾಗಾದರೆ ಪುಟ್ ಆಫ್ ಅಂದರೆ ದೂರ ಇಡು, ಆಚೆ ಸರಿಸು. ಈ ಒಂದು ಚಿತ್ರ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಆಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಆಚೆ ಸರಿದದ್ದು ಏನು?

ಸರಿದದ್ದು ಒಂದು ಕೆಲಸ, ಒಂದು ಕಾರ್ಯಕ್ರಮ ಆಗಿದ್ದರೆ, ಅಂದರೆ ಮದುವೆ, ಮೀಟಿಂಗ್, ಪರೀಕ್ಷೆ, ಹರಾಜು ಇಂಥದ್ದು, ಆಗ ಅದು ಇವತ್ತಿನಿಂದ ದೂರ ಹೋಯಿತು. ಇದೇ ನಿಮಗೆ ಗೊತ್ತಿರುವ ಪೋಸ್ಟ್‌ಪೋನ್. ಪೋಸ್ಟ್‌ಪೋನ್ ಅನ್ನುವುದು ಲ್ಯಾಟಿನ್ನಿನಿಂದ ಬಂದ ಪದ, ಅಲ್ಲಿ ಪೋಸ್ಟ್ ಅಂದರೆ ಆಮೇಲೆ, ಪೋನೆರೆ ಅಂದರೆ ಇಡು. ಆಮೇಲೆ ಇಡು. ಎರಡು ಭಾಷೆ, ಒಂದೇ ಚಿತ್ರ. ಬಳಕೆಯಲ್ಲಿ ವ್ಯತ್ಯಾಸ ಇಷ್ಟೇ, ನೋಟಿಸ್ ಬೋರ್ಡಿನಲ್ಲಿ ಪೋಸ್ಟ್‌ಪೋನ್ ಚೆನ್ನಾಗಿ ಕಾಣುತ್ತದೆ, ಮಾತಿನಲ್ಲಿ ಪುಟ್ ಆಫ್ ಹಗುರ. ಇನ್ನೊಂದು ಸೂಕ್ಷ್ಮ ಇದೆ. ಮಾಡಬೇಕಾದ್ದನ್ನು ಮನಸ್ಸಿಲ್ಲದೆ ತಳ್ಳುತ್ತಾ ಹೋಗುವುದಕ್ಕೆ ಇಂಗ್ಲಿಷಿನವರು ಪುಟ್ ಆಫ್ ಅನ್ನುತ್ತಾರೆ. ಹಲ್ಲು ನೋಯುತ್ತಿದ್ದರೂ ಡಾಕ್ಟರ ಹತ್ತಿರ ಹೋಗದೆ ಇವತ್ತು ನಾಳೆ ಅನ್ನುತ್ತಾ ಇರುವವನು ‘ಕೀಪ್ಸ್ ಪುಟಿಂಗ್ ಇಟ್ ಆಫ್’. ಅಲ್ಲಿ ಪೋಸ್ಟ್‌ಪೋನ್ ಹಾಕಿದರೆ ಹಲ್ಲುನೋವಿಗೆ ಸರ್ಕಾರಿ ಆದೇಶ ಬಂದ ಹಾಗೆ ಆಗುತ್ತದೆ.

ಸರಿದದ್ದು ಒಬ್ಬ ಮನುಷ್ಯ ಆಗಿದ್ದರೆ? ಇಲ್ಲಿ ಎರಡು ದಾರಿ.

ಒಂದು, ಆ ಮನುಷ್ಯನನ್ನು ಸಬೂಬು ಹೇಳಿ ಸಾಗಹಾಕುವುದು. ಸಾಲ ಕೊಟ್ಟವರು ಬಾಗಿಲಿಗೆ ಬರುತ್ತಾರೆ, ‘ಮುಂದಿನ ಸೋಮವಾರ ಬರ್ರಿ’ ಅಂತ ಕಳಿಸುತ್ತೇವೆ. ‘ಹಿ ಪುಟ್ ಮಿ ಆಫ್’ ಅಂದರೆ ನನ್ನನ್ನು ಹೀಗೆ ಸಾಗಹಾಕಿದ. ಇದಕ್ಕೆ ನನ್ನ ತರಗತಿಯಲ್ಲಿ ನಾನು ಯಾವಾಗಲೂ ಕೊಡುವ ಉದಾಹರಣೆ ನಮ್ಮ ಊರುಗಳ ಬಾಗಿಲ ಮೇಲೆ ಬರೆಯುತ್ತಿದ್ದ ‘ನಾಳೆ ಬಾ’. ರಾತ್ರಿ ದೆವ್ವ ಬಂದು ಹೆಸರು ಹಿಡಿದು ಕರೆಯುತ್ತದೆ ಅನ್ನುವ ಭಯಕ್ಕೆ ಜನ ಸುಣ್ಣದಲ್ಲೋ ಇದ್ದಿಲಿನಲ್ಲೋ ಬರೆದಿಡುತ್ತಿದ್ದರು. ದೆವ್ವ ಓದುತ್ತದೆ, ಹೋಗುತ್ತದೆ, ಮರುದಿನ ಮತ್ತೆ ಓದುತ್ತದೆ. ದೆವ್ವವನ್ನು ಓಡಿಸಿದ್ದಲ್ಲ, ಕೊಂದದ್ದೂ ಅಲ್ಲ, ದಿನಾ ಪುಟ್ ಆಫ್ ಮಾಡಿದ್ದು. ಈ ಉದಾಹರಣೆ ಕೇಳಿದ ಮಕ್ಕಳು ಈ ಅರ್ಥವನ್ನು ಮರೆತದ್ದು ನಾನು ನೋಡಿಲ್ಲ.

ಎರಡನೆಯದು ನಿಮ್ಮ ಮೇಲ್‌ನಲ್ಲಿ ಬಂದದ್ದು. ಯಾವುದೋ ವಸ್ತು, ವಾಸನೆ, ಬೆಲೆ, ನಡತೆ ಒಬ್ಬರ ಮನಸ್ಸನ್ನು ದೂರ ತಳ್ಳುತ್ತದೆ. ಹೀಗಾದಾಗ ವಾಕ್ಯದಲ್ಲಿ ಸಾಮಾನ್ಯವಾಗಿ ‘ಬೈ’ ಬರುತ್ತದೆ, ಅದರ ಹಿಂದೆ ಕಾರಣ ಕೂತಿರುತ್ತದೆ. ‘ಪುಟ್ ಆಫ್ ಬೈ ದ ಸ್ಮೆಲ್’, ‘ಪುಟ್ ಆಫ್ ಬೈ ದ ಪ್ರೈಸ್’. ನೀವು ಆ ದಿನ ನೋಡಬೇಕಾಗಿದ್ದ ಎರಡು ಗುರುತು ಇವೇ. ವಾಕ್ಯದ ಮೊದಲಿಗೆ ಬಯರ್ ಅನ್ನುವ ಮನುಷ್ಯ ಇದ್ದ, ಕೊನೆಗೆ ಬೈ ಮತ್ತು ಸ್ಯಾಂಪಲ್ ಇತ್ತು. ಖರೀದಿ ಮುಂದಕ್ಕೆ ಹೋಗಿದ್ದರೆ ‘ದ ಪರ್ಚೇಸ್ ವಾಸ್ ಪುಟ್ ಆಫ್’ ಅಂತ ಬರೆಯುತ್ತಿದ್ದರು, ಮತ್ತು ಬಹುಶಃ ‘ಅಂಟಿಲ್’ ಅಂತ ಹಾಕಿ ಯಾವಾಗ ಅನ್ನುವುದನ್ನೂ ಹೇಳುತ್ತಿದ್ದರು.

ಈ ಅರ್ಥದ ತೂಕ ಎಷ್ಟು ಅನ್ನುವುದು ನಿಮ್ಮ ವ್ಯವಹಾರಕ್ಕೆ ಬೇಕಾದ ಮಾತು, ಅದಕ್ಕೇ ಸ್ವಲ್ಪ ನಿಲ್ಲುತ್ತೇನೆ. ಪುಟ್ ಆಫ್ ಅಂದರೆ ಸಿಟ್ಟಲ್ಲ, ಹಗೆಯಲ್ಲ, ಬೇಡ ಅಂತ ಕೊಟ್ಟ ತೀರ್ಪೂ ಅಲ್ಲ. ಇಷ್ಟಪಟ್ಟು ಮುಂದೆ ಬರುತ್ತಿದ್ದವರು ಒಂದು ಹೆಜ್ಜೆ ಹಿಂದಿಟ್ಟರು, ಅಷ್ಟು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ, ಕೆಂಪು ಜಾಸ್ತಿ, ಆ ಬಣ್ಣ ತೆಗೆದು ಲಿಪ್‌ಸ್ಟಿಕ್ಕಿಗೂ ಬಳಸುತ್ತಾರೆ ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ಬಣ್ಣ ಬೇಕು ಅಂತ ಬಂದವರಿಗೆ ಹಸಿ ಮಾಲು ಕಂಡಿದೆ, ಬೂಸ್ಟು ಹಿಡಿದರೆ ಏನು ಗತಿ ಅಂತ ಮನಸ್ಸು ಹಿಂಜರಿದಿದೆ. ಒಣ ಮಾಲು ತೋರಿಸಿದರೆ ಆ ಹೆಜ್ಜೆ ಮತ್ತೆ ಮುಂದೆ ಬರಬಹುದು. ಅವರು ‘ರಿಜೆಕ್ಟೆಡ್’ ಅಂತ ಬರೆದಿದ್ದರೆ ನಾನು ಈ ಮಾತು ಹೇಳುತ್ತಿರಲಿಲ್ಲ.

ಆದರೆ ಒಂದು ರಚನೆಯಲ್ಲಿ ಇದು ಗಟ್ಟಿಯಾಗುತ್ತದೆ. ‘ಪುಟ್ ಸಮ್‌ಒನ್ ಆಫ್ ಸಮ್‌ಥಿಂಗ್.’ ಚಿಕ್ಕವನಿದ್ದಾಗ ಒಮ್ಮೆ ಧಾರವಾಡದ ಪೇಡಾ ಅರ್ಧ ಬಾಕ್ಸ್ ಒಬ್ಬನೇ ತಿಂದೆ. ಅದೇ ರಾತ್ರಿ ಜ್ವರ ಬಂತು. ಪೇಡಾದ್ದೇನೂ ತಪ್ಪಿಲ್ಲ, ಜ್ವರ ಬೇರೆ ಕಾರಣಕ್ಕೆ ಬಂದಿತ್ತು. ಆದರೂ ಒಂದು ವರ್ಷ ಪೇಡಾ ಕಂಡರೆ ವಾಕರಿಕೆ ಬರುತ್ತಿತ್ತು. ‘ದ ಫೀವರ್ ಪುಟ್ ಮಿ ಆಫ್ ಪೇಡಾ.’ ಇಲ್ಲಿ ನಾವು ಕನ್ನಡದವರು ಪೇಡಾದಿಂದ ದೂರ ಅಂತ ಯೋಚಿಸಿ ‘ಆಫ್ ಫ್ರಮ್ ಪೇಡಾ’ ಅಂತ ಸೇರಿಸುತ್ತೇವೆ. ಫ್ರಮ್ ಬೇಡ. ಆ ‘ಇಂದ’ ಆಫ್‌ನೊಳಗೇ ಇದೆ.

ಇದರಿಂದಲೇ ಹುಟ್ಟಿದ್ದು ‘ಆಫ್‌ಪುಟಿಂಗ್’ ಅನ್ನುವ ವಿಶೇಷಣ. ಪದ ಹಿಂದುಮುಂದಾಗಿದೆ ನೋಡಿ. ಆಫ್‌ಪುಟಿಂಗ್ ಸ್ಮೆಲ್ ಅಂದರೆ ಮೂಗು ತಿರುಗಿಸುವಂಥ ವಾಸನೆ. ಆಫ್‌ಪುಟಿಂಗ್ ಮ್ಯಾನರ್ ಅಂದರೆ ಎದುರಿನವರಿಗೆ ಮಾತಾಡಿಸಲೇ ಮನಸ್ಸಾಗದಂಥ ರೀತಿ. ಮುಂದೂಡುವ ಅರ್ಥ ಈ ಪದಕ್ಕೆ ಇಲ್ಲವೇ ಇಲ್ಲ.

ಸರಿದದ್ದು ಗಮನ ಆಗಿದ್ದರೆ ಇನ್ನೊಂದು ಅರ್ಥ. ಹುಬ್ಬಳ್ಳಿ ಧಾರವಾಡದಲ್ಲಿ ಸಂಗೀತ ಕಛೇರಿಗೆ ಕೂತವರಿಗೆ ಇದು ಗೊತ್ತಾಗುತ್ತದೆ. ಗಾಯಕರು ವಿಲಂಬಿತದಲ್ಲಿ ನಿಧಾನವಾಗಿ ರಾಗ ಬಿಡಿಸುತ್ತಿರುತ್ತಾರೆ, ಮೂರನೇ ಸಾಲಿನಲ್ಲಿ ಯಾರದೋ ಮೊಬೈಲ್ ಕಿರುಚುತ್ತದೆ. ‘ದ ಫೋನ್ ಪುಟ್ ಹರ್ ಆಫ್.’ ಹಾಡುವವರ ಚಿತ್ತ ಕದಡಿತು. ಅವರಿಗೆ ಹಾಡಿನ ಮೇಲೆ ಬೇಸರ ಬಂದಿಲ್ಲ, ಕಛೇರಿಯೂ ಮುಂದಕ್ಕೆ ಹೋಗಿಲ್ಲ, ಗಮನ ಒಂದು ಕ್ಷಣ ಆಚೆ ಸರಿಯಿತು. ಕ್ರಿಕೆಟ್ಟಿನಲ್ಲಿ ಬ್ಯಾಟ್ ಮಾಡುವವನು ‘ಡೋಂಟ್ ಪುಟ್ ಮಿ ಆಫ್’ ಅಂದರೂ ಇದೇ, ನನ್ನ ಗಮನ ಕೆಡಿಸಬೇಡ.

ಉಳಿದವು ಬೇಗ ಹೇಳುತ್ತೇನೆ. ಬಟ್ಟೆ, ಚಪ್ಪಲಿ ಕಳಚುವುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಪುಟ್ ಆಫ್ ಅನ್ನುತ್ತಿದ್ದರು, 1611ರ ಇಂಗ್ಲಿಷ್ ಬೈಬಲಿನಲ್ಲಿ ದೇವರು ಮೋಶೆಗೆ ಕಾಲಿನ ಚಪ್ಪಲಿ ಕಳಚು ಅನ್ನುವುದು ಈ ಪದದಲ್ಲೇ. ಈಗ ಅದಕ್ಕೆ ಟೇಕ್ ಆಫ್. ದೋಣಿ ದಡ ಬಿಟ್ಟು ಹೊರಡುವುದಕ್ಕೂ ಪುಟ್ ಆಫ್ ಇದೆ, ನಿಮಗೆ ಬೇಕಾಗುವುದಿಲ್ಲ. ‘ಪುಟ್ ಆಫ್ ದ ಲೈಟ್’ ನಮ್ಮಲ್ಲಿ ಬಹಳ ಜನ ಅನ್ನುತ್ತಾರೆ, ಅದು ತಪ್ಪು ಅಂತ ತಿದ್ದುವ ಮೇಷ್ಟ್ರುಗಳೂ ಇದ್ದಾರೆ. ತಪ್ಪಲ್ಲ, ಬ್ರಿಟನ್ನಿನಲ್ಲೂ ಆ ಬಳಕೆ ಉಂಟು. ಆದರೆ ಟರ್ನ್ ಆಫ್, ಸ್ವಿಚ್ ಆಫ್ ಅಂದರೆ ಎಲ್ಲ ಕಡೆ ನಡೆಯುತ್ತದೆ. ಮನೆಯಲ್ಲಿ ‘ದೀಪ ಶಾಂತ ಮಾಡು’ ಅನ್ನುವ ಅಜ್ಜಿಯ ಮಾತಿನ ಚೆಂದ ಮಾತ್ರ ಇದ್ಯಾವುದಕ್ಕೂ ಇಲ್ಲ.

ಇನ್ನು ನೀವು ಕೇಳದೇ ಇದ್ದರೂ ಹೇಳಲೇಬೇಕಾದ ಒಂದು ಅಪಾಯ ಇದೆ. ನೀವು ಸಾಹುಕಾರರಿಗೆ ‘ಮುಂದಕ್ಕ ಹಾಕ್ಯಾರ’ ಅಂದಿರಿ. ಮುಂದೂಡು ಅಂದರೂ ಮುಂದಕ್ಕೆ ದೂಡು ಅಂತಲೇ. ಕನ್ನಡದಲ್ಲಿ ಮುಂದೆ ಅಂದರೆ ಇನ್ನೂ ಬರಬೇಕಾದ ದಿನ, ಹಾಗಾಗಿ ಮುಂದಕ್ಕೆ ಹಾಕಿದರೆ ತಡ ಆಗುತ್ತದೆ. ಇಂಗ್ಲಿಷಿನಲ್ಲಿ ಇದು ಉಲ್ಟಾ. ‘ಬ್ರಿಂಗ್ ಫಾರ್ವರ್ಡ್’, ‘ಪುಟ್ ಫಾರ್ವರ್ಡ್’ ಅಂತ ದಿನಾಂಕದ ಬಗ್ಗೆ ಅಂದರೆ ಇನ್ನೂ ಬೇಗ ಮಾಡು ಅಂತ ಅರ್ಥ. ಕಾರ್ಯಕ್ರಮವನ್ನು ನಮ್ಮ ಕಡೆಗೆ ಎಳೆದುಕೊಳ್ಳುವುದು. ತಡ ಮಾಡುವುದಕ್ಕೆ ಬ್ರಿಟನ್ನಿನವರು ‘ಪುಟ್ ಬ್ಯಾಕ್’ ಅನ್ನುತ್ತಾರೆ, ಅಮೆರಿಕದವರು ‘ಪುಶ್ ಬ್ಯಾಕ್’ ಅನ್ನುತ್ತಾರೆ, ಅಂದರೆ ಅವರಿಗೆ ತಡ ಆಗುವುದು ಹಿಂದಕ್ಕೆ ಹೋದ ಹಾಗೆ!

ಗದಗದ ಕಡೆಯ ನನ್ನ ಒಬ್ಬ ವಿದ್ಯಾರ್ಥಿಗೆ ಇದರಿಂದ ದೊಡ್ಡ ಪೆಟ್ಟು ಬಿತ್ತು. ಅಕ್ಕನ ಮದುವೆ ಇತ್ತು, ಅದರ ಮರುದಿನವೇ ಒಂದು ಕಂಪನಿಯ ಸಂದರ್ಶನ. ಒಂದು ದಿನ ತಡ ಮಾಡಿ ಅಂತ ಕೇಳಬೇಕು. ಕನ್ನಡದಲ್ಲಿ ಯೋಚಿಸಿ, ಸಂದರ್ಶನ ಒಂದು ದಿನ ಮುಂದಕ್ಕೆ ಹಾಕಿ ಅಂತ ‘ಪ್ಲೀಸ್ ಬ್ರಿಂಗ್ ಫಾರ್ವರ್ಡ್ ದ ಇಂಟರ್‌ವ್ಯೂ ಬೈ ಒನ್ ಡೇ’ ಬರೆದ. ಅವರು ಒಳ್ಳೆಯ ಮನಸ್ಸಿನಿಂದ ಒಪ್ಪಿದರು. ಸಂದರ್ಶನ ಸರಿಯಾಗಿ ಅಕ್ಕಿಕಾಳಿನ ದಿನಕ್ಕೇ ಬಂತು. ಮತ್ತೆ ಬದಲಿಸಿ ಅಂತ ಕೇಳಲು ಅವನಿಗೆ ಧೈರ್ಯ ಸಾಲಲಿಲ್ಲ, ಸಂದರ್ಶನ ಬಿಟ್ಟ. ಆ ಕೆಲಸ ಅವನಿಗೆ ಸಿಗುತ್ತಿತ್ತೋ ಇಲ್ಲವೋ ಹೇಳಲಾಗದು, ಆದರೆ ಆ ಮೇಲ್ ನನಗೆ ಮೊದಲೇ ತೋರಿಸಿದ್ದರೆ ಅಂತ ಇವತ್ತಿಗೂ ಅನ್ನಿಸುತ್ತದೆ. ಅಂದಿನಿಂದ ನಾನು ಪುಟ್ ಆಫ್ ಕಲಿಸುವ ದಿನ ಫಾರ್ವರ್ಡ್ ಕೂಡ ಕಲಿಸದೆ ತರಗತಿ ಬಿಡುವುದಿಲ್ಲ. ಬ್ರಿಂಗ್ ಫಾರ್ವರ್ಡ್ ಬದಲು ನಮ್ಮ ಭಾರತೀಯ ಇಂಗ್ಲಿಷಿನಲ್ಲಿ ಬಳಕೆಯಲ್ಲಿರುವ ‘ಪ್ರೀಪೋನ್’, ಅಂದರೆ ಇನ್ನೂ ಬೇಗ ಮಾಡು ಅನ್ನುವ ಪದ, ಇದ್ದಿದ್ದರೂ ಇಲ್ಲಿ ಗೊಂದಲ ಆಗುತ್ತಿರಲಿಲ್ಲ. ಆ ಪದವನ್ನು ಕೆಲವರು ಹೀಗಳೆಯುತ್ತಾರೆ, ನನಗೆ ಅದು ಸ್ಪಷ್ಟವಾದ ಒಳ್ಳೆಯ ಪದ ಅನ್ನಿಸುತ್ತದೆ. ಹೊರದೇಶದವರಿಗೆ ಬರೆಯುವಾಗ ಮಾತ್ರ ಎಲ್ಲರಿಗೂ ತಿಳಿಯುವುದಿಲ್ಲ, ಅದಕ್ಕೇ ದಿನಾಂಕವನ್ನೇ ಬರೆದುಬಿಡಿ. ಹದಿನಾಲ್ಕರ ಬದಲು ಹದಿನೈದು ಅಂದರೆ ಯಾವ ಭಾಷೆಯಲ್ಲೂ ಮೋಸ ಇಲ್ಲ.

‘ಕಾಲ್ ಆಫ್’ ಜೊತೆಗೂ ಬೆರೆಸಬೇಡಿ. ಪುಟ್ ಆಫ್ ಆದ ಮದುವೆಗೆ ಮತ್ತೆ ಮುಹೂರ್ತ ಇದೆ. ಕಾಲ್ ಆಫ್ ಆದ ಮದುವೆ ಮುರಿದುಬಿದ್ದಿದೆ. ಬೀಗರ ಮುಂದೆ ಒಂದರ ಬದಲು ಇನ್ನೊಂದು ಹೇಳಿದರೆ ಏನಾಗುತ್ತದೆ ಯೋಚಿಸಿ.

ನಿಮ್ಮ ಎರಡನೇ ಪ್ರಶ್ನೆ, ‘ಇಟ್’ ಎಲ್ಲಿ ಕೂರಬೇಕು. ‘ಪುಟ್ ಇಟ್ ಆಫ್’ ಮಾತ್ರ ಸರಿ. ‘ಪುಟ್ ಆಫ್ ಇಟ್’ ಅಂತ ಇಂಗ್ಲಿಷಿನವರು ಯಾರೂ ಅನ್ನುವುದಿಲ್ಲ. ಹೆಸರು ಇದ್ದರೆ ಎರಡೂ ನಡೆಯುತ್ತದೆ, ‘ಪುಟ್ ಆಫ್ ದ ಮೀಟಿಂಗ್’ ಅನ್ನಿ, ‘ಪುಟ್ ದ ಮೀಟಿಂಗ್ ಆಫ್’ ಅನ್ನಿ. ಇಟ್, ದೆಮ್, ಮಿ, ಹಿಮ್ ಇಂಥ ಸಣ್ಣ ಸರ್ವನಾಮ ಬಂದರೆ ನಡುವೆಯೇ ಕೂರಬೇಕು. ಕಾರಣ ಒತ್ತಿನಲ್ಲಿದೆ. ಆಫ್ ಗಟ್ಟಿಯಾಗಿ ಹೇಳುವ ಪದ, ಇಟ್ ತೇಲಿ ಹೋಗುವ ಪದ, ವಾಕ್ಯದ ಕೊನೆ ಗಟ್ಟಿ ಪದಕ್ಕೆ ಸೇರಿದ್ದು. ಬಾಯಿಬಿಟ್ಟು ನಾಲ್ಕು ಸಲ ‘ಪುಟಿಟಾಫ್’ ಅಂತ ಒಂದೇ ಉಸಿರಿಗೆ ಹೇಳಿ ನೋಡಿ, ಮುಂದೆ ನಿಯಮ ನೆನಪಿಡಬೇಕಾಗಿಲ್ಲ.

ಮತ್ತೊಂದು, ‘ಪುಟ್ ಆಫ್ ಟು ಗೋ’ ಅನ್ನಬೇಡಿ, ‘ಪುಟ್ ಆಫ್ ಗೋಯಿಂಗ್’ ಅನ್ನಿ. ಇಲ್ಲಿ ಕನ್ನಡವೇ ನಿಮಗೆ ಸಹಾಯ ಮಾಡುತ್ತದೆ. ನಾವು ‘ಹೋಗಲು ಮುಂದೂಡಿದೆ’ ಅನ್ನುವುದಿಲ್ಲ, ‘ಹೋಗುವುದನ್ನು ಮುಂದೂಡಿದೆ’ ಅನ್ನುತ್ತೇವೆ. ಆ ‘ಹೋಗುವುದನ್ನು’ ಅನ್ನುವುದೇ ಗೋಯಿಂಗ್. ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ ಅಂತ ಬರೆದಿದ್ದೀರಲ್ಲ, ನೋಡಿ, ಅದು ಇಂಥ ಕಡೆ ಕೆಲಸಕ್ಕೆ ಬರುತ್ತದೆ.

ಈಗ ಆ ಮೇಲ್. ತಡ ಆಗಿದೆ, ಆದರೂ ಬರೆಯಿರಿ. ಉದ್ದ ಬೇಡ. ‘ವಿ ಆರ್ ಸಾರಿ ದಟ್ ಯುವರ್ ಬಯರ್ ವಾಸ್ ಪುಟ್ ಆಫ್ ಬೈ ದ ಸೆಕೆಂಡ್ ಸ್ಯಾಂಪಲ್. ಇಟ್ ವಾಸ್ ನಾಟ್ ಡ್ರೈ ಇನಫ್. ವಿ ಕ್ಯಾನ್ ಸೆಂಡ್ ಎ ಫ್ರೆಶ್ ಸ್ಯಾಂಪಲ್ ದಿಸ್ ವೀಕ್.’ ಅವರ ಪದವನ್ನೇ ಅವರಿಗೆ ವಾಪಸ್ ಹೇಳುವುದರಿಂದ ನೀವು ಸರಿಯಾಗಿ ತಿಳಿದುಕೊಂಡಿದ್ದೀರಿ ಅಂತ ಅವರಿಗೆ ಗೊತ್ತಾಗುತ್ತದೆ. ಸಬೂಬು ಹಾಕಬೇಡಿ, ಮಳೆ ಬಂತು, ಮೋಡ ಇತ್ತು ಅಂತ. ಡ್ರೈ ಅನ್ನುವ ಒಂದು ಪದ ಸಾಕು, ಅವರ ಚಿಂತೆ ಅದೇ. ಕಳಿಸುವ ಮುಂಚೆ ಆ ಹೊಸ ಸ್ಯಾಂಪಲನ್ನು ಸಾಹುಕಾರರಿಗೆ ಒಮ್ಮೆ ಮುರಿದು ನೋಡಲು ಹೇಳಿ, ಒಣಗಿದ್ದರೆ ಟಕ್ ಅನ್ನುತ್ತದೆ ಅಲ್ವಾ. ಮತ್ತು ಇವತ್ತೇ ಕಳಿಸಿ.